ಸದನದಲ್ಲಿ ನಮ್ಮೂರಿನ ಬಗ್ಗೆ ಮೂರು ಪ್ರಶ್ನೆ, ಸಿಕ್ಕ ಉತ್ತರ 'ಬಂದಿದೆ'

ಮೂಲೆಮನೆ:
ನಮ್ಮ ಶಾಸಕರು ಕಳೆದ ಅಧಿವೇಶನದಲ್ಲಿ ಮೂರು ಪ್ರಶ್ನೆ ಕೇಳಿದ್ದಾರೆ. ಒಂದು ತಾಲ್ಲೂಕಿನ ಶಾಲೆಗಳಲ್ಲಿ ಖಾಲಿ ಇರುವ ಶಿಕ್ಷಕರ ಹುದ್ದೆ ಬಗ್ಗೆ. ಇನ್ನೊಂದು ರಸ್ತೆ, ಸೇತುವೆಗೆ ಬರಬೇಕಿದ್ದ ಅನುದಾನದ ಬಗ್ಗೆ. ಮೂರನೆಯದು ಪಟ್ಟಣದ ಚರಂಡಿ ನೀರು ಸೇರುತ್ತಿರುವ ಕೆರೆ ಬಗ್ಗೆ. 'ಸದನದಲ್ಲಿ ಗುಡುಗಿದ ನಮ್ಮ ನಾಯಕರು' ಅಂತ ಪೋಸ್ಟರ್ ಕೂಡ ಹಾಕಿದರು. ನಾನು ಸುಮ್ನೆ ಕುತೂಹಲಕ್ಕೆ ವಿಧಾನಸಭೆಯ ಜಾಲತಾಣಕ್ಕೆ ಹೋಗಿ ಉತ್ತರದ ಪಿಡಿಎಫ್ ತೆಗೆದು ಓದಿದೆ.

ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. 'ಅ) ತಾಲ್ಲೂಕಿನಲ್ಲಿ ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಉತ್ತರ: 'ಬಂದಿದೆ.' 'ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?' ಉತ್ತರ: 'ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ವಹಿಸಲಾಗುವುದು. ವಿವರ ಅನುಬಂಧದಲ್ಲಿದೆ.' ಅನುಬಂಧ ಪಿಡಿಎಫ್‌ನಲ್ಲಿ ಇಲ್ಲವೇ ಇಲ್ಲ. ಅನುದಾನದ್ದಕ್ಕೆ 'ಅನುದಾನದ ಲಭ್ಯತೆಯನ್ನಾಧರಿಸಿ ಪರಿಶೀಲಿಸಲಾಗುವುದು'. ಕೆರೆಗೆ ಮೊದಲ ಸಾಲಿನಲ್ಲಿ 'ಬಂದಿಲ್ಲ', ಎರಡನೇ ಸಾಲಿನಲ್ಲಿ 'ಉದ್ಭವಿಸುವುದಿಲ್ಲ'.

ಆ ಕೆರೆಯ ವಾಸನೆ ನಮ್ಮ ಬಸ್ ನಿಲ್ದಾಣದವರೆಗೂ ಬರುತ್ತದೆ. ಸರ್ಕಾರದ ಗಮನಕ್ಕೆ ಮಾತ್ರ ಬಂದಿಲ್ಲ.

ಇಷ್ಟಕ್ಕೆ ಅಧಿವೇಶನ ಯಾಕೆ ಬೇಕು? ನಿಜವಾಗಿ ಕೇಳುತ್ತಿದ್ದೇನೆ. ಗೊತ್ತಿರುವವರು ಹೇಳಿ.

ಗಿರ್ಮಿಟ್ ಪ್ರಿಯ:
ಯಾಕೂ ಬೇಡ. ಟಿವಿಯಲ್ಲಿ ಖಾಲಿ ಕುರ್ಚಿ ನೋಡಿದರೆ ಸಾಕು.

ಹಳೇ ಗುಮಾಸ್ತ:
ನಾನು 28 ವರ್ಷ ಒಂದು ಇಲಾಖೆಯಲ್ಲಿ ಕಡತ ತಿರುವಿದವನು. ಯಾವ ಇಲಾಖೆ ಅಂತ ಕೇಳಬೇಡಿ. ಇಂಥ ಉತ್ತರಗಳನ್ನು ನೂರಾರು ಬರೆದಿದ್ದೇನೆ. 'ಉದ್ಭವಿಸುವುದಿಲ್ಲ' ಅನ್ನುವ ಪದವನ್ನು ನನ್ನಷ್ಟು ಸಲ ಬರೆದವರು ಕಡಿಮೆ ಇರಬಹುದು.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ತಪ್ಪು ಉತ್ತರದ್ದಷ್ಟೇ ಅಲ್ಲ, ಪ್ರಶ್ನೆಯದೂ ಇದೆ. 'ಗಮನಕ್ಕೆ ಬಂದಿದೆಯೇ' ಅಂತ ಕೇಳಿದರೆ 'ಬಂದಿದೆ' ಅಂತಲೇ ಬರುತ್ತದೆ. ಊಟ ಆಯ್ತಾ ಅಂದರೆ ಆಯ್ತು ಅಂದ ಹಾಗೆ. ಏನು ಊಟ, ಎಷ್ಟು ಹೊತ್ತಿಗೆ, ಯಾರು ಬಡಿಸಿದರು ಅಂತ ಕೇಳಿದರೆ ಕಥೆ ಬೇರೆ.

ಪ್ರಶ್ನೆ ಹೋಗುವ ದಾರಿ ಹೀಗೆ. ಶಾಸಕರ ಸೂಚನೆ ವಿಧಾನಸಭೆ ಸಚಿವಾಲಯಕ್ಕೆ ಬರುತ್ತದೆ. ಅಲ್ಲಿಂದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತರಿಗೆ, ಅಲ್ಲಿಂದ ಜಿಲ್ಲೆಗೆ, ತಾಲ್ಲೂಕಿಗೆ. ಲಕೋಟೆ ಮೇಲೆ 'ಎಲ್‌ಎಕ್ಯೂ, ಅತಿ ಜರೂರು' ಅಂತ ಇರುತ್ತದೆ. ಎಲ್‌ಎಕ್ಯೂ ಅಂದರೆ ವಿಧಾನಸಭೆಯ ಪ್ರಶ್ನೆ, ಮೇಲ್ಮನೆಯದ್ದಾದರೆ ಎಲ್‌ಸಿಕ್ಯೂ. ಆ ಅಕ್ಷರ ನೋಡಿದರೆ ಕಚೇರಿಯಲ್ಲಿ ಫ್ಯಾನ್ ನಿಂತ ಹಾಗೆ ಆಗುತ್ತದೆ. ಬೇರೆ ಅರ್ಜಿ ಆರು ತಿಂಗಳು ಮಲಗಿರುತ್ತದೆ, ಎಲ್‌ಎಕ್ಯೂ ಮಾತ್ರ ಮಲಗುವುದಿಲ್ಲ. ಯಾಕೆಂದರೆ ಸದನದಲ್ಲಿ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿ ಆಗುತ್ತದೆ ಅನ್ನುವ ಭಯ. ಸಚಿವರು ಮುಜುಗರಕ್ಕೆ ಸಿಕ್ಕರೆ ಬೈಗುಳ ಕೆಳಗೆ ಇಳಿದು ಇಳಿದು ಗುಮಾಸ್ತನ ಮೇಜಿಗೇ ಬರುತ್ತದೆ.

ಅದಕ್ಕೇ ನಾವು ಸುಳ್ಳು ಬರೆಯುತ್ತಿರಲಿಲ್ಲ. ಪ್ರಶ್ನೆಯಲ್ಲಿ ಇರುವ ಕಿಂಡಿ ಹುಡುಕುತ್ತಿದ್ದೆವು. ನಿಮ್ಮ ಕೆರೆ ಪ್ರಶ್ನೆಯನ್ನು ಹೇಗೆ ಕೇಳಿದ್ದರು? ಆ ಸಾಲು ಪೂರ್ತಿ ಹಾಕಿ.

ಮೂಲೆಮನೆ:
'ಸದರಿ ಕೆರೆಯು ಕಲುಷಿತಗೊಂಡು ಸಾರ್ವಜನಿಕರ ಆರೋಗ್ಯದ ಮೇಲೆ ದುಷ್ಪರಿಣಾಮ ಬೀರಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?'

ಹಳೇ ಗುಮಾಸ್ತ:
ಸಿಕ್ಕಿತಲ್ಲ ಕಿಂಡಿ! 'ಆರೋಗ್ಯದ ಮೇಲೆ ದುಷ್ಪರಿಣಾಮ' ಆಗಿದೆ ಅಂತ ಯಾರೂ ಲಿಖಿತ ವರದಿ ಕೊಟ್ಟಿರುವುದಿಲ್ಲ. ಹಾಗಾಗಿ ಬಂದಿಲ್ಲ. ಕೆರೆ ಕೊಳೆತಿಲ್ಲ ಅಂತ ಅವರು ಹೇಳಿಲ್ಲ ನೋಡಿ. ನಾನಿದ್ದರೂ ಹಾಗೇ ಬರೆಯುತ್ತಿದ್ದೆ, ಹೆಮ್ಮೆಯಿಂದ ಹೇಳುತ್ತಿಲ್ಲ.

ಒಂದನೇ ತರಗತಿ ಟೀಚರ್:
ಲಕೋಟೆ ಎಲ್ಲ ನಿಮ್ಮ ಕಾಲಕ್ಕೆ ಸರ್. ಈಗ ಸಂಜೆ ನಾಲ್ಕೂವರೆಗೆ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. 'ಎಲ್‌ಎಕ್ಯೂ, ಐದು ಗಂಟೆಯೊಳಗೆ ಕಡ್ಡಾಯ.' ಮಂಜೂರಾದ ಹುದ್ದೆ, ಕಾರ್ಯನಿರತ, ಖಾಲಿ ಅಂತ ಮೂರು ಕಾಲಂ. ಮಕ್ಕಳನ್ನು ಮನೆಗೆ ಕಳಿಸುವ ಹೊತ್ತು ಅದು. ಬಾಗಿಲಲ್ಲಿ ನಿಂತುಕೊಂಡೇ ತುಂಬಿ ಕಳಿಸುತ್ತೇವೆ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಆ ಉತ್ತರಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ: 'ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರನ್ನು ನೇಮಿಸಿ ಬೋಧನೆಗೆ ತೊಂದರೆಯಾಗದಂತೆ ಕ್ರಮ ವಹಿಸಲಾಗಿದೆ.' ಸುಳ್ಳಲ್ಲ. ಆದರೆ ನಮ್ಮಲ್ಲಿ ಶಾಲೆ ಶುರುವಾಗಿದ್ದು ಮೇ ಕೊನೆಗೆ, ಅತಿಥಿ ಶಿಕ್ಷಕಿ ಬಂದಿದ್ದು ಜುಲೈ ಅರ್ಧ ಆದ ಮೇಲೆ. ಅವರಿಗೆ ಸಂಬಳ ಬಂದಿದ್ದು ದೀಪಾವಳಿ ಹತ್ತಿರ. ಯಾವ ಶಾಸಕರೂ 'ಯಾವ ದಿನಾಂಕದಂದು ಹಾಜರಾದರು' ಅಂತ ಕೇಳಿಲ್ಲ. ಆ ಒಂದು ಕಾಲಂ ಇದ್ದಿದ್ದರೆ ಗುಟ್ಟೆಲ್ಲ ಹೊರಗೆ ಬರುತ್ತಿತ್ತು.

ಇನ್ನೊಂದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಇರಬೇಕು. 15 ಮಕ್ಕಳಿದ್ದರೂ ಇಬ್ಬರು. ಅಂದರೆ ಏಕೋಪಾಧ್ಯಾಯ ಶಾಲೆ ಅನ್ನುವುದೇ ಕಾಯ್ದೆಗೆ ವಿರುದ್ಧ. 'ಕೊರತೆ ಇದೆಯೇ' ಅಂತ ಕೇಳುವ ಬದಲು 'ಕಾಯ್ದೆಯ ಅನುಸೂಚಿ ಪ್ರಕಾರ ಇಬ್ಬರು ಶಿಕ್ಷಕರಿಲ್ಲದ ಶಾಲೆಗಳ ಹೆಸರು ಕೊಡಿ' ಅಂತ ಕೇಳಲಿ. ಆಗ ಹಂತ ಹಂತವಾಗಿ ಅಂತ ಬರೆಯುವುದು ಕಷ್ಟ. ಕಾಯ್ದೆಯಲ್ಲಿ ಹಂತ ಇಲ್ಲವಲ್ಲ.

ಗಿರ್ಮಿಟ್ ಪ್ರಿಯ:
ಟೀಚರ್, ಮೇಲ್ಮನೆಯಲ್ಲಿ ಶಿಕ್ಷಕರ ಕ್ಷೇತ್ರದಿಂದಲೇ ಏಳು ಜನ ಇದ್ದಾರಲ್ಲ. ಅವರೇನು ಮಾಡುತ್ತಾರೆ?

ಒಂದನೇ ತರಗತಿ ಟೀಚರ್:
ಅವರು ಕೇಳುತ್ತಾರೆ. ಚೆನ್ನಾಗಿಯೇ ಕೇಳುತ್ತಾರೆ. ಅನುದಾನಿತ ಪ್ರೌಢಶಾಲೆ, ಪಿಯು ಉಪನ್ಯಾಸಕರು, ಪಿಂಚಣಿ, ಬಡ್ತಿ ಎಲ್ಲ ಕೇಳುತ್ತಾರೆ. ಆದರೆ ಸಂವಿಧಾನದ 171ನೇ ವಿಧಿ ಪ್ರಕಾರ ಶಿಕ್ಷಕರ ಕ್ಷೇತ್ರದಲ್ಲಿ ಮತ ಇರುವುದು ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನವರಿಗೆ. ಅ ಆ ಇ ಈ ಕಲಿಸುವ ನನಗೆ ಅಲ್ಲಿ ವೋಟಿಲ್ಲ. ವೋಟಿಲ್ಲದವರ ಪ್ರಶ್ನೆ, ಪ್ರಶ್ನೆ ಆರಿಸಲು ಎತ್ತುವ ಚೀಟಿಯಲ್ಲಿ ಎಷ್ಟು ಸಲ ಬಂದೀತು, ನೀವೇ ಹೇಳಿ.

ಮೂಲೆಮನೆ:
ಇದು ನನಗೆ ಗೊತ್ತೇ ಇರಲಿಲ್ಲ. 75 ಜನರ ಪರಿಷತ್ತಿನಲ್ಲಿ ಏಳು ಶಿಕ್ಷಕರು ಅಂದರೆ ಎಲ್ಲ ಶಿಕ್ಷಕರೂ ಅಂದುಕೊಂಡಿದ್ದೆ.

ಲೆಕ್ಕದ ಪುಸ್ತಕ:
ದುಡ್ಡಿನ ಪ್ರಶ್ನೆಗೆ ನಾನು ಬರುತ್ತೇನೆ. ಲೆಕ್ಕಪತ್ರ ನನ್ನ ಹೊಟ್ಟೆಪಾಡು.

'ಅನುದಾನ ಎಷ್ಟು' ಅಂತ ಕೇಳಲೇಬಾರದು. ಒದಗಿಸಿದ್ದು ಎಷ್ಟು, ಬಿಡುಗಡೆಯಾಗಿದ್ದು ಎಷ್ಟು, ಖರ್ಚಾಗಿದ್ದು ಎಷ್ಟು ಅಂತ ಮೂರು ಬೇರೆ ಬೇರೆ ಕೇಳಬೇಕು. ಬಜೆಟ್‌ನಲ್ಲಿ ಬರೆದ ಮಾತ್ರಕ್ಕೆ ಹಣ ತಾಲ್ಲೂಕಿಗೆ ಬಂದ ಹಾಗಲ್ಲ. ಬಿಡುಗಡೆ ಆದರೂ ಮಾರ್ಚ್ 28ಕ್ಕೆ ಬಂದರೆ ಯಾರು ಖರ್ಚು ಮಾಡುತ್ತಾರೆ? ಆದ್ದರಿಂದ ನಾಲ್ಕನೇ ಪ್ರಶ್ನೆ: ಯಾವ ತಿಂಗಳಲ್ಲಿ ಬಿಡುಗಡೆ ಆಯಿತು. ಟೀಚರ್ ಹೇಳಿದ ದಿನಾಂಕದ ಕಾಲಂ ಇಲ್ಲೂ ಬೇಕು.

ದೊಡ್ಡ ಉದಾಹರಣೆ ತಗೊಳ್ಳಿ. 2023ರ ಫೆಬ್ರುವರಿಯ ಕೇಂದ್ರ ಬಜೆಟ್ ಭಾಷಣದಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ ಬಂತು. ಚಿತ್ರದುರ್ಗದ ಕಡೆ ಆಸೆ ಹುಟ್ಟಿತು. ಆಮೇಲೆ ಸಂಸತ್ತಿನಲ್ಲೂ ಇಲ್ಲಿನ ಸದನದಲ್ಲೂ ಆ ಅಂಕಿಯ ಹಿಂದೆ ಎಷ್ಟು ಸಲ ಓಡಿದ್ದಾರೆ! ಇನ್ನೊಂದು: 15ನೇ ಹಣಕಾಸು ಆಯೋಗ ತನ್ನ ಮೊದಲ ವರದಿಯಲ್ಲಿ 2020-21ಕ್ಕೆ ಕರ್ನಾಟಕಕ್ಕೆ 5,495 ಕೋಟಿ ವಿಶೇಷ ಅನುದಾನ ಶಿಫಾರಸು ಮಾಡಿತ್ತು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ನಮ್ಮ ಪಾಲು ಸುಮಾರು 4.71ರಿಂದ 3.65 ಶೇಕಡಾಕ್ಕೆ ಇಳಿದಿದ್ದರಿಂದ ಆದ ನಷ್ಟಕ್ಕೆ. ಆ ಹಣ ಬರಲಿಲ್ಲ. 'ಶಿಫಾರಸು' ಬೇರೆ, 'ಒಪ್ಪಿಗೆ' ಬೇರೆ, 'ಬಿಡುಗಡೆ' ಬೇರೆ ಅನ್ನುವುದು ಜನಕ್ಕೆ ಗೊತ್ತಾಗಿದ್ದೇ ಈ ವಿಷಯದಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ ಬಿದ್ದ ಮೇಲೆ. ತಮಾಷೆ ಅಂದರೆ ಉತ್ತರ ಕೊಡಬೇಕಾದ ಹಣಕಾಸು ಸಚಿವೆ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು.

ಹಿರಿಯೂರಿನವ:
ಭದ್ರಾ ಮೇಲ್ದಂಡೆ ವಿಷಯದಲ್ಲಿ ಎರಡೂ ಸರ್ಕಾರಗಳು ಒಬ್ಬರ ಮೇಲೊಬ್ಬರು ಎತ್ತಿ ಹಾಕುತ್ತಿವೆ. ದೆಹಲಿಯಲ್ಲಿ ಕೇಳಿದರೆ ರಾಜ್ಯ, ಇಲ್ಲಿ ಕೇಳಿದರೆ ದೆಹಲಿ. ನಾವು ಮಾತ್ರ ಕಾಲುವೆ ತೋಡಿದ ಮಣ್ಣಿನ ದಿಬ್ಬ ನೋಡಿಕೊಂಡು ಕೂತಿದ್ದೇವೆ.

ಜೈ ಹೋ 99:
ಕೇಂದ್ರ ಕೊಡಲ್ಲ ಅಂತ ಅಳುವವರು ಪರಿಶಿಷ್ಟರ ಉಪಯೋಜನೆ ಹಣ ಗ್ಯಾರಂಟಿಗೆ ಎತ್ತಿದ್ದನ್ನು ಯಾಕೆ ಹೇಳಲ್ಲ?

ಲೆಕ್ಕದ ಪುಸ್ತಕ:
ಹೇಳೋಣ, ಅದೂ ಒಳ್ಳೆಯ ಪ್ರಶ್ನೆಯೇ. 2013ರಲ್ಲಿ ಆ ಉಪಯೋಜನೆಯ ಕಾಯ್ದೆ ತಂದಿದ್ದು ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಪಾಲು ಬೇರೆ ಕಡೆ ಹೋಗಬಾರದು ಅಂತ. ಎಲ್ಲರಿಗೂ ಆಗುವ ಕಾಮಗಾರಿಯ ಒಂದು ಪಾಲನ್ನು ಈ ಲೆಕ್ಕಕ್ಕೆ ತೋರಿಸಲು ಬಿಡುವ 7ಡಿ ಕಲಂ ಅನ್ನುವ ಕಿಂಡಿ ಅದರಲ್ಲಿ ಇತ್ತು, 2023ರಲ್ಲಿ ತೆಗೆದರು. ಎಲ್ಲರ ಜೊತೆ ಪರಿಶಿಷ್ಟರಿಗೂ ಸಿಗುವ ಯೋಜನೆಗಳ 7ಸಿ ಕಲಂ ಉಳಿಯಿತು. ಗ್ಯಾರಂಟಿಗೆ ಹಣ ತೋರಿಸುವುದು ಅದರ ಅಡಿಯಲ್ಲೇ. ಇದನ್ನು ಸದನದಲ್ಲಿ ವಿರೋಧ ಪಕ್ಷ ಕೇಳಿದೆ, ಆಳುವ ಪಕ್ಷದವರಿಗೂ ಒಳಗೊಳಗೆ ಇರಿಸುಮುರಿಸು ಇದೆ. ನಾನು ಯಾವ ಪಕ್ಷದ ಪರವೂ ಅಲ್ಲ. ಬಾಯಿಮಾತಿನ ಜಗಳ ಬೇಡ, ಮೂರು ಕಾಲಂ ಕೇಳಿ ಅಷ್ಟೇ.

ನಿರ್ವಾಹಕ:
ಇಲ್ಲಿದ್ದ 11 ಕಾಮೆಂಟ್ ತೆಗೆದಿದ್ದೇವೆ. ಒಬ್ಬರ ಅಜ್ಜಿಯನ್ನೂ ಎಳೆದು ತಂದಿದ್ದರು. ವಿಷಯಕ್ಕೆ ಬನ್ನಿ.

ಗಿರ್ಮಿಟ್ ಪ್ರಿಯ:
ಸರಿ, ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಕಾಲಂ ಹಾಕಿ ಕೇಳಿದರೆ ಏನು ಕಿತ್ತು ಗುಡ್ಡೆ ಹಾಕುತ್ತಾರೆ? ಒಂದು ಪ್ರಶ್ನೆಯಿಂದ ಒಬ್ಬ ಮಂತ್ರಿ ಮನೆಗೆ ಹೋದದ್ದು ಇದ್ದರೆ ತೋರಿಸಿ.

ಲೆಕ್ಕದ ಪುಸ್ತಕ:
ಇದೆ. 1957. ಎಲ್‌ಐಸಿ ಹುಟ್ಟಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅದು ಹರಿದಾಸ್ ಮುಂಧ್ರಾ ಅನ್ನುವ ಕೋಲ್ಕತ್ತಾ ವ್ಯಾಪಾರಿಯ ಆರು ಕಂಪನಿಗಳ ಷೇರನ್ನು ಸುಮಾರು 1.25 ಕೋಟಿ ಕೊಟ್ಟು ಕೊಂಡಿತು. ಲೋಕಸಭೆಯಲ್ಲಿ ಪ್ರಶ್ನೆ ಬಂತು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ. ಉತ್ತರ ಹಾರಿಕೆಯದ್ದಾಗಿತ್ತು. ಆಗ ರಾಯಬರೇಲಿಯ ಸದಸ್ಯ ಫಿರೋಜ್ ಗಾಂಧಿ ಹಿಡಿದರು. ಆಳುವ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ. ಆದರೂ ಬಿಡಲಿಲ್ಲ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಸಾರ್ವಜನಿಕವಾಗಿ ವಿಚಾರಣೆ ಮಾಡಿದರು. 1958ರ ಫೆಬ್ರುವರಿಯಲ್ಲಿ ಸಚಿವರು ರಾಜೀನಾಮೆ ಕೊಟ್ಟರು.

ಫಿರೋಜ್ ಗಾಂಧಿ 'ಭ್ರಷ್ಟಾಚಾರ ಸರ್ಕಾರದ ಗಮನಕ್ಕೆ ಬಂದಿದೆಯೇ' ಅಂತ ಕೇಳಿದ್ದರೆ 'ಬಂದಿಲ್ಲ' ಅಂತ ಮುಗಿದು ಹೋಗುತ್ತಿತ್ತು. ಯಾವ ಷೇರು, ಯಾವ ದಿನ, ಯಾವ ಬೆಲೆಗೆ ಅಂತ ಹಿಡಿದರು.

ಗಿರ್ಮಿಟ್ ಪ್ರಿಯ:
ಸುಮಾರು 70 ವರ್ಷ ಹಿಂದಿನ ಕಥೆ ಹೇಳಿ ನನ್ನ ಬಾಯಿ ಮುಚ್ಚಿಸಬೇಡಿ. ದುಡ್ಡು ತಗೊಂಡು ಪ್ರಶ್ನೆ ಕೇಳಿದ್ದಕ್ಕೆ 2005ರಲ್ಲಿ 11 ಸಂಸದರನ್ನು ಹೊರಗೆ ಹಾಕಿದ್ದೂ ಇದೇ ದೇಶದಲ್ಲೇ.

ಲೆಕ್ಕದ ಪುಸ್ತಕ:
ನಿಜ. ಆದರೆ ಬೆಲೆ ಇಲ್ಲದ ವಸ್ತುವಿಗೆ ಯಾರಾದರೂ ದುಡ್ಡು ಕೊಡುತ್ತಾರಾ?

ಗಿರ್ಮಿಟ್ ಪ್ರಿಯ:
ಇದು ಮಾತ್ರ ಚೆನ್ನಾಗಿ ಹೇಳಿದಿರಿ.

ಕೆರೆಏರಿ ಕೋಲಾರ:
ಕೆರೆ ವಿಷಯ ಬಂತಲ್ಲ, ನಮ್ಮ ಕಥೆ ಕೇಳಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆ. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಅಂತ ಲೆಕ್ಕ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಸ್ವಲ್ಪ ದಿನಕ್ಕೇ ನೊರೆ ಬಂತು. ಬೆಳ್ಳಂದೂರಿನ ನೊರೆ ಟಿವಿಯಲ್ಲಿ ನೋಡಿದ್ದ ನಮ್ಮವರು ಗಾಬರಿಯಾದರು. ಹೈಕೋರ್ಟ್, ಸುಪ್ರೀಂ ಕೋರ್ಟ್ ಎಲ್ಲ ಸುತ್ತಿ ಕೊನೆಗೆ ನೀರು ಹರಿಯಿತು.

ನಾನು ಯೋಜನೆಯ ವಿರೋಧಿ ಅಲ್ಲ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಕಡೆ ಬೋರ್‌ವೆಲ್‌ನಲ್ಲಿ ನೀರು ಬಂದಿದೆ. ನನ್ನ ಚಿಕ್ಕಪ್ಪ ಮತ್ತೆ ಟೊಮೆಟೊ ಹಾಕಿದ್ದಾರೆ. ಆದರೆ ಮೂರನೇ ಹಂತದ ಶುದ್ಧೀಕರಣ ಯಾಕಿಲ್ಲ ಅನ್ನುವ ಪ್ರಶ್ನೆ ಅಂದಿನಿಂದ ಇದೆ. ಪಕ್ಷ ಬದಲಾದರೂ ನಮ್ಮ ಕಡೆ ಶಾಸಕರು ಕೇಳುತ್ತಲೇ ಇರುತ್ತಾರೆ. ಉತ್ತರ: ನೀರು ನಿಗದಿತ ಮಾನದಂಡದಂತಿದೆ, ಇದು ಅಂತರ್ಜಲ ಮರುಪೂರಣಕ್ಕೆ ಮಾತ್ರ, ಕುಡಿಯಲು ಅಲ್ಲ.

ಸರಿ ಸ್ವಾಮಿ, ಕೆರೆ ನೀರು ಕುಡಿಯಲು ಅಲ್ಲ. ಆದರೆ ಕೆರೆ ಪಕ್ಕದ ಬೋರ್‌ವೆಲ್ ನೀರು? ಅದನ್ನು ಹಳ್ಳಿಯವರು ಕುಡಿಯುತ್ತಾರಲ್ಲ. ಪ್ರಶ್ನೆ ಹೀಗಿರಬೇಕು: ಕೆರೆಯಿಂದ ಇಷ್ಟು ದೂರದೊಳಗೆ ಕುಡಿಯಲು ಬಳಸುವ ಕೊಳವೆಬಾವಿ ಎಷ್ಟು, ಅವುಗಳ ನೀರನ್ನು ಯಾವ ದಿನ, ಯಾವ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದರು, ನೈಟ್ರೇಟ್ ಎಷ್ಟು, ಭಾರಲೋಹ ಎಷ್ಟು. 'ಮಾನದಂಡ' ಅಂದರೆ ಯಾವ ಮಾನದಂಡ? ಹೊರಬಿಡುವ ಕೊಳಚೆಯ ಮಾನದಂಡ ಬೇರೆ, ಕುಡಿಯುವ ನೀರಿನದು ಬೇರೆ. ಈ ಎರಡನ್ನು ಕಲಸಿದರೆ ಯಾವ ನೀರೂ ಶುದ್ಧವೇ.

ಮಳೆಗಾಲದವಳು:
ನಮ್ಮ ಮಲೆನಾಡಲ್ಲಿ ಇನ್ನೊಂದು ಬಗೆ. ಪಶ್ಚಿಮಘಟ್ಟದ ಬಗ್ಗೆ ಪ್ರಶ್ನೆ ಬರುವುದೇ 'ಕಸ್ತೂರಿರಂಗನ್ ವರದಿಯನ್ನು ಸರ್ಕಾರ ತಿರಸ್ಕರಿಸುತ್ತದೆಯೇ' ಅಂತ. ಘಟ್ಟದ ಯಾವ ಭಾಗ ಪರಿಸರ ಸೂಕ್ಷ್ಮ, ಅದನ್ನು ಹೇಗೆ ಕಾಯಬೇಕು ಅಂತ ಹೇಳಿದ ವರದಿ ಅದು. ಕೇಳುವವರು ವಿರೋಧ ಪಕ್ಷ, ಹೇಳುವವರು ಆಳುವ ಪಕ್ಷ, ಇಬ್ಬರ ಮನಸ್ಸೂ ಒಂದೇ. ಎಲ್ಲರೂ ಮೇಜು ಕುಟ್ಟುತ್ತಾರೆ. ಕರ್ನಾಟಕದ 20,668 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ ಅಂತ 2014ರಿಂದ ಕೇಂದ್ರ ಕರಡು ಮೇಲೆ ಕರಡು ಹೊರಡಿಸುತ್ತಿದೆ. ಆರನೇ ಕರಡು ಬಂದಿದ್ದು 2024ರ ಜುಲೈ 31ಕ್ಕೆ. ವಯನಾಡಿನ ಗುಡ್ಡ ಕುಸಿದ ಮರುದಿನ. ಅದಕ್ಕೆ ಎರಡು ವಾರ ಮೊದಲು ನಮ್ಮ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದಿತ್ತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮತ್ತೆ ಬೇಡ ಅಂದಿತು.

ಬೇಡ ಅನ್ನುವುದಕ್ಕೆ ಕಾರಣ ಇದೆ. ತೋಟ, ಮನೆ, ಬ್ಯಾಂಕ್ ಸಾಲ ಎಲ್ಲ ನಿಂತು ಹೋಗುತ್ತದೆ ಅನ್ನುವ ಭಯ ನಮ್ಮ ಮನೆಯಲ್ಲೂ ಇದೆ, ನನ್ನ ಅಪ್ಪನೇ ಸಭೆಗೆ ಹೋಗಿ ಕೂಗಿ ಬಂದವರು. ಆದರೆ ವರದಿ ಬೇಡ ಅಂದಮೇಲೆ ಗುಡ್ಡಕ್ಕೆ ಏನು ಮಾಡುತ್ತೀರಿ ಅಂತ ಯಾರೂ ಕೇಳುವುದಿಲ್ಲ. ರಸ್ತೆಗೆ ಎಷ್ಟು ಕಡಿದಾಗಿ ಗುಡ್ಡ ಕೊಯ್ದರು, ಯಾರು ಒಪ್ಪಿದರು? ಈ ಪ್ರಶ್ನೆಗೆ ಮೇಜು ಕುಟ್ಟುವವರು ಸಿಗುವುದಿಲ್ಲ, ಅಲ್ವಾ.

ಹಳೇ ಗುಮಾಸ್ತ:
ಇವರು ಹೇಳಿದ್ದು ಸರಿ. ನಮ್ಮ ಕಚೇರಿಯಲ್ಲಿ ಅಂಥವನ್ನು 'ಮಾಡಿಸಿಕೊಂಡ ಪ್ರಶ್ನೆ' ಅನ್ನುತ್ತಿದ್ದೆವು. ಉತ್ತರ ಮೊದಲೇ ಸಿದ್ಧ ಇರುತ್ತಿತ್ತು, ಪ್ರಶ್ನೆ ಆಮೇಲೆ.

ಪರದೇಶಿ ಕನ್ನಡಿಗ:
ಸಂಸತ್ತಿನದ್ದು ಒಂದು ಸೇರಿಸುತ್ತೇನೆ. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೊರೊನಾ ಅಂತ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ ಇತ್ತು. ಲಾಕ್‌ಡೌನ್‌ನಲ್ಲಿ ಊರಿಗೆ ನಡೆದು ಹೋಗುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು, ಪರಿಹಾರ ಕೊಟ್ಟಿರಾ ಅಂತ ಕೇಳಿದರು. ಕಾರ್ಮಿಕ ಸಚಿವಾಲಯದ ಉತ್ತರ: ಅಂಥ ಮಾಹಿತಿ ಇಟ್ಟಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ. ಆ ಒಂದು ಸಾಲು ಮರುದಿನ ದೇಶದ ಎಲ್ಲ ಪತ್ರಿಕೆಯಲ್ಲಿ ಬಂತು. ಉತ್ತರ ಇಲ್ಲ ಅನ್ನುವುದೂ ಕಾಗದದ ಮೇಲೆ ಬಂದರೆ ದಾಖಲೆಯೇ. ಮೂಲೆಮನೆಯವರ 'ಬಂದಿಲ್ಲ' ಕೂಡ ದಾಖಲೆ. ಅದನ್ನು ಇಟ್ಟುಕೊಳ್ಳಿ.

ಮೂಲೆಮನೆ:
ಇಟ್ಟುಕೊಂಡಿದ್ದೇನೆ. ಕೆರೆ ಫೋಟೋ ಪಕ್ಕ ಅಂಟಿಸಿ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಹಾಕಿದೆ. ಈಗ ಎಲ್ಲರೂ 'ಏನಪ್ಪಾ ವಾಸನೆ' ಅಂದರೆ 'ಗಮನಕ್ಕೆ ಬಂದಿಲ್ಲ' ಅಂತಾರೆ.

ಒಂದು ಸಂಶಯ. ಚುಕ್ಕೆ ಗುರುತಿನದು, ಚುಕ್ಕೆ ರಹಿತದ್ದು, ಯಾವುದು ಕೇಳಿಸಬೇಕು?

ಹಳೇ ಗುಮಾಸ್ತ:
ಚುಕ್ಕೆ ಗುರುತು ಇದ್ದರೆ ಸಚಿವರು ಎದ್ದು ನಿಂತು ಹೇಳಬೇಕು, ಮೇಲೆ ಉಪ ಪ್ರಶ್ನೆ ಕೇಳಬಹುದು. ಕಿಂಡಿಯಲ್ಲಿ ತಪ್ಪಿಸಿಕೊಂಡವರನ್ನು ಹಿಡಿಯುವುದು ಉಪ ಪ್ರಶ್ನೆಯಲ್ಲೇ. ಆದರೆ ಅದು ಚೀಟಿ ಎತ್ತಿ ಬರಬೇಕು, ಬಂದರೂ ಸರದಿ ಬರುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ. ಲೋಕಸಭೆಯಲ್ಲೇ ದಿನಕ್ಕೆ 20 ಪಟ್ಟಿ ಮಾಡಿದರೆ ಕೆಲವಕ್ಕೆ ಮಾತ್ರ ಬಾಯಿಮಾತಿನ ಉತ್ತರ ಸಿಗುತ್ತದೆ. ಅಂಕಿಅಂಶ ಬೇಕಾದರೆ ಚುಕ್ಕೆ ರಹಿತವೇ ವಾಸಿ. ಸದ್ದಿಲ್ಲ, ಆದರೆ ಕಾಗದ ಕೈಗೆ ಬರುತ್ತದೆ. ಸಚಿವರು ಸದನದಲ್ಲಿ 'ಮಾಡುತ್ತೇವೆ' ಅಂದರೆ ಬರೆದಿಟ್ಟುಕೊಳ್ಳಿ, ಅದನ್ನು ಹಿಂಬಾಲಿಸಲು ಭರವಸೆಗಳ ಸಮಿತಿ ಅಂತ ಒಂದಿದೆ. ಶಾಸಕರೇ ಅದನ್ನು ಮರೆಯುತ್ತಾರೆ.

ಇನ್ನೊಂದು. ವರ್ಷಕ್ಕೆ ಕಡಿಮೆ ಅಂದರೆ 60 ದಿನ ಸದನ ಸೇರಬೇಕು ಅಂತ 2005ರಲ್ಲಿ ನಮ್ಮ ರಾಜ್ಯದ್ದೇ ಕಾಯ್ದೆ ಇದೆ. ಅದನ್ನು ಮುಟ್ಟುವ ವರ್ಷ ಅಪರೂಪ. ದಿನವೇ ಇಲ್ಲದಿದ್ದರೆ ಚೀಟಿ ಎಲ್ಲಿಂದ ಬರಬೇಕು.

ಮೂಲೆಮನೆ:
ಹಾಗಾದರೆ ಮೂರೂ ಚುಕ್ಕೆ ರಹಿತ. ಕರಡು ಬರೆದಿದ್ದೇನೆ, ತಿದ್ದಿ.

'ಅ) ತಾಲ್ಲೂಕಿನಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಇಬ್ಬರು ಶಿಕ್ಷಕರಿಲ್ಲದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳು ಯಾವುವು? (ಶಾಲಾವಾರು ಮಾಹಿತಿ ನೀಡುವುದು)
ಆ) ಈ ಶಾಲೆಗಳಿಗೆ ಪ್ರಸಕ್ತ ಸಾಲಿನಲ್ಲಿ ಅತಿಥಿ ಶಿಕ್ಷಕರು ಹಾಜರಾದ ದಿನಾಂಕ ಮತ್ತು ಮೊದಲ ಗೌರವಧನ ಪಾವತಿಯಾದ ದಿನಾಂಕ ಯಾವುದು?'

ಕೆರೆಗೆ: 'ಪುರಸಭೆಯ ಚರಂಡಿಗಳು ಸದರಿ ಕೆರೆಯನ್ನು ಸೇರುವ ಸ್ಥಳಗಳೆಷ್ಟು? ಕಳೆದ ಮೂರು ವರ್ಷಗಳಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯು ಕೆರೆ ನೀರಿನ ಮಾದರಿ ಪಡೆದ ದಿನಾಂಕಗಳು ಹಾಗೂ ಫಲಿತಾಂಶಗಳೇನು?'

ಲೆಕ್ಕದ ಪುಸ್ತಕ:
ಅನುದಾನದ್ದು ಬಿಟ್ಟಿರಲ್ಲ. ಒದಗಿಸಿದ, ಬಿಡುಗಡೆಯಾದ, ವೆಚ್ಚವಾದ ಮೊತ್ತ, ತಿಂಗಳುವಾರು.

ಕೆರೆಏರಿ ಕೋಲಾರ:
'ಮಾದರಿ ಪಡೆದಿಲ್ಲದಿದ್ದಲ್ಲಿ ಕಾರಣಗಳೇನು' ಸೇರಿಸಿ. ಇಲ್ಲದಿದ್ದರೆ ಮತ್ತೆ 'ಉದ್ಭವಿಸುವುದಿಲ್ಲ'.

ಹಳೇ ಗುಮಾಸ್ತ:
ಶಿಷ್ಯರು ಗುರುವನ್ನು ಮೀರಿಸಿದರು. ಇದರಲ್ಲಿ ನನಗೆ ಕಿಂಡಿ ಕಾಣಿಸುತ್ತಿಲ್ಲ. 'ಅನುಬಂಧವನ್ನು ಉತ್ತರದೊಂದಿಗೆ ಲಗತ್ತಿಸುವುದು' ಅಂತಲೂ ಹಾಕಿ.

ಒಂದನೇ ತರಗತಿ ಟೀಚರ್:
ಕೆರೆ ಇರುವ ಊರಿನ ಹೆಸರಿನ ಜೊತೆ ಹೋಬಳಿ ಬರೆಯಿರಿ. ನಮ್ಮ ತಾಲ್ಲೂಕಿನಲ್ಲಿ ಒಂದೇ ಹೆಸರಿನ ಎರಡು ಊರಿವೆ. ಒಮ್ಮೆ ಈ ಊರಿನ ಪ್ರಶ್ನೆಗೆ ಆ ಊರಿನ ಉತ್ತರ ಬಂದಿತ್ತು. ಅಲ್ಲಿ ಕೆರೆಯೇ ಇಲ್ಲ.

ಮೂಲೆಮನೆ:
ಅಯ್ಯೋ, ನಮ್ಮಲ್ಲೂ ಎರಡಿವೆ! ಹೋಬಳಿ ಸೇರಿಸಿದೆ. ಸೋಮವಾರ ಶಾಸಕರ ಕಚೇರಿಗೆ ಹೋಗುತ್ತೇನೆ. ಅಲ್ಲಿನ ಹುಡುಗ 'ವಾಟ್ಸಾಪ್ ಬೇಡ ಅಣ್ಣ, ಪ್ರಿಂಟ್ ತಗೊಂಡು ಬನ್ನಿ' ಅಂದಿದ್ದಾನೆ.

ಹಳೇ ಗುಮಾಸ್ತ:
ಎರಡು ಪ್ರತಿ ತಗೊಂಡು ಹೋಗಿ. ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ.